ಒಂದು ಗಾಡಿ, ಎರಡು ಬೀಗದ ಕೈ

ಬಂಗಾರಪೇಟೆಯಲ್ಲಿ ನಡೆದ ಶಿಕ್ಷಕರ ತರಬೇತಿಯೊಂದರಲ್ಲಿ ಪಕ್ಕದಲ್ಲಿ ಕುಳಿತ ಹುಡುಗಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಅವಳ ಮನೆ ರಾಬರ್ಟ್‌ಸನ್‌ಪೇಟೆಯಲ್ಲಿ. ಹೊಸದಾಗಿ ಕೆಲಸ ಸಿಕ್ಕಿರುವುದು ಬೂದಿಕೋಟೆ ಕಡೆಯ ಒಂದು ಹಳ್ಳಿಯಲ್ಲಿ. "ಮೇಡಂ, ನೀವೂ ಆ ದಾರಿಯಲ್ಲಿ ಓಡಾಡಿದವರಂತೆ. ದಿನಾ ಹೋಗಿ ಬರೋದಕ್ಕೆ ಯಾವ ಗಾಡಿ ತಗೊಂಡರೆ ಒಳ್ಳೇದು ಹೇಳಿ" ಎಂದಳು.

ಒಂದೇ ಮಾತಿನಲ್ಲಿ ಹೇಳಿಬಿಡಬಹುದಾದ ಉತ್ತರ. ಆದರೆ ಮೂವತ್ತು ವರ್ಷದಿಂದ ಚರಿತ್ರೆಯ ಪಾಠ ಮಾಡುವವಳಿಗೆ ಒಂದೇ ಮಾತಿನ ಉತ್ತರ ಬರುವುದಿಲ್ಲ. ಟಿಪ್ಪುವಿನ ಮರಣ ಯಾವಾಗ ಎಂದರೆ ಬೂದಿಕೋಟೆಯಲ್ಲಿ ಹೈದರ್ ಹುಟ್ಟಿದ ಕಡೆಯಿಂದ ಶುರು ಮಾಡುವುದು ನನ್ನ ಅಭ್ಯಾಸ. ಗಂಟೆ ಹೊಡೆದು ಎಲ್ಲರೂ ಒಳಗೆ ಹೋಗಬೇಕಾಯಿತು. ಆ ಹುಡುಗಿಗೆ ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರು ಹುಟ್ಟಿದ್ದೇ ದೂರದಿಂದ ಬಂದವರಿಂದ. 1870ರ ದಶಕದಲ್ಲಿ ಮೈಕೆಲ್ ಲೆವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಇಲ್ಲಿ ಅಗೆಯುವ ಹಕ್ಕು ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಬಂದ ಮೇಲೆ ಗಣಿ ನಿಜವಾಗಿ ಗಣಿಯಾಯಿತು. ಯಂತ್ರ ಇಂಗ್ಲೆಂಡಿನಿಂದ, ಕೂಲಿಗಳು ಉತ್ತರ ಆರ್ಕಾಟಿನಿಂದ, ಸೇಲಂ ಕಡೆಯಿಂದ, ಚಿತ್ತೂರಿನಿಂದ. ಆಗ ಬೆಂಗಳೂರು ದಂಡು ಪ್ರದೇಶದಿಂದ ಜೋಲಾರಪೇಟೆಗೆ 1864ರಲ್ಲೇ ರೈಲು ಬಿದ್ದಿತ್ತು. ಆ ದಾರಿಯ ಮೇಲಿದ್ದ ಊರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರು ಅದಕ್ಕಿತ್ತು. ಮುಂದೆ ಅದೇ ಬಂಗಾರಪೇಟೆಯಾಯಿತು. ಅಲ್ಲಿಂದ ಗಣಿಗೆ ಎತ್ತಿನ ಗಾಡಿಯಲ್ಲೇ ಯಂತ್ರದ ಭಾಗಗಳು ಬರುತ್ತಿದ್ದವು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲಿನ ಕವಲು ದಾರಿ ತೆರೆಯಿತು. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಒಂದೊಂದು ನಿಲ್ದಾಣಕ್ಕೂ ಒಂದೊಂದು ಗಣಿಯ ನೆನಪು. 1902ರಲ್ಲಿ ಶಿವನಸಮುದ್ರದಿಂದ ತಂತಿಯ ಮೇಲೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೊದಲು ನಮ್ಮೂರಿನ ಗಣಿಗೆ ದೀಪ ಬಂದಿತ್ತು ಎನ್ನುವುದು ನಮ್ಮವರಿಗೆ ಈಗಲೂ ಹೆಮ್ಮೆ.

ಆದರೆ ಇಷ್ಟೆಲ್ಲ ಬಂದರೂ ಗಣಿ ಕೆಲಸಗಾರನಿಗೆ ಗಾಡಿ ಬೇಕಿರಲಿಲ್ಲ. ಮನೆ ಲೈನ್‌ನಲ್ಲಿ, ಕೆಲಸ ಶಾಫ್ಟಿನಲ್ಲಿ. ಅವನ ದೂರದ ಪ್ರಯಾಣವೆಲ್ಲ ಕೆಳಗಡೆಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳ. ಬೇರೆ ಊರಿನವರು ದಿನವೂ ಅಡ್ಡಕ್ಕೆ ಹೋಗಿ ಬಂದರೆ ನಮ್ಮವರು ಉದ್ದಕ್ಕೆ ಇಳಿದು ಹತ್ತುತ್ತಿದ್ದರು. ಮೇಲೆ ಬಂದ ಮೇಲೆ ಒಂದು ಸೈಕಲ್ ಇದ್ದರೆ ಸಾಕು.

ನಮ್ಮ ಅಪ್ಪ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಅವರದೂ ಸೈಕಲ್ಲೇ. ಸಂಜೆ ಪಾಳಿ ಬದಲಾಗುವ ಹೊತ್ತಿಗೆ ರಸ್ತೆಯ ತುಂಬ ಸೈಕಲ್ಲುಗಳು ಬರುತ್ತಿದ್ದುದು, ಅವುಗಳಲ್ಲಿ ಅಪ್ಪನ ಬೆಲ್ಲನ್ನು ನಾನು ಗುರುತು ಹಿಡಿಯುತ್ತಿದ್ದುದು ಇಂದಿಗೂ ನೆನಪಿದೆ. ಅಪ್ಪನಿಗೂ ಒಂದು ಆಸೆಯಿತ್ತು. ಸ್ಕೂಟರ್.

ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಆಗ ಸ್ಕೂಟರ್ ಎಂದರೆ ಅಂಗಡಿಗೆ ಹೋಗಿ ಕೊಂಡು ತರುವ ವಸ್ತುವಲ್ಲ. 1960ರಲ್ಲಿ ಕೇಂದ್ರ ಸರ್ಕಾರ ಸ್ಕೂಟರುಗಳ ಹಂಚಿಕೆಯನ್ನೇ ನಿಯಂತ್ರಣಕ್ಕೆ ತಂದಿತ್ತು. ತಯಾರಾಗುತ್ತಿದ್ದುದು ಕಡಿಮೆ, ಬೇಕೆನ್ನುವವರು ಹೆಚ್ಚು. ಹೆಸರು ಬರೆಸಿ, ಅಂಚೆ ಕಚೇರಿಯಲ್ಲಿ ಠೇವಣಿ ಇಟ್ಟು, ಪಾಸ್‌ಬುಕ್ಕನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಕಾಯಬೇಕು. ಮದುವೆಯ ಮಾತುಕತೆಯಲ್ಲಿ "ಹುಡುಗನ ಹೆಸರಲ್ಲಿ ಬಜಾಜ್ ಬುಕ್ ಆಗಿದೆ" ಎಂದರೆ ಅದೂ ಒಂದು ಆಸ್ತಿ. 1971ರಲ್ಲಿ ಇಟಲಿಯ ಪಿಯಾಜಿಯೋ ಕಂಪನಿಯ ಜೊತೆಗಿನ ಒಪ್ಪಂದ ಮುಗಿದ ಮೇಲೆ ಬಜಾಜ್‌ನವರು 1972ರಲ್ಲಿ ತಮ್ಮದೇ ಹೆಸರಿಟ್ಟು ಚೇತಕ್ ತಂದರು. ರಾಣಾ ಪ್ರತಾಪನ ಕುದುರೆಯ ಹೆಸರು. ನಮ್ಮ ರಾಜ್ಯದ್ದೇ ಬೇಕೆಂದರೆ ಮೈಸೂರಿನಲ್ಲಿ 1961ರಿಂದ ಐಡಿಯಲ್ ಜಾವಾ ಕಾರ್ಖಾನೆಯಿತ್ತು. ಜಾವಾ, ಆಮೇಲೆ ಯೆಜ್ಡಿ. ಆದರೆ ಅವು ಮೀಸೆ ತಿರುವುವ ಹುಡುಗರ ಗಾಡಿಗಳೆಂದು ಅಪ್ಪನ ಅಭಿಪ್ರಾಯ. ಸಂಸಾರವಂದಿಗನಿಗೆ ಚೇತಕ್ಕೇ ಸರಿ. ಹಿಂದೆ ಹೆಂಡತಿ, ಮುಂದೆ ನಿಂತ ಮಗು, ಕಾಲ ಬಳಿ ತರಕಾರಿ ಚೀಲ, ಬೆನ್ನಿಗೆ ಸ್ಟೆಪ್ನಿ ಚಕ್ರ.

ಅಪ್ಪ 1980ರಲ್ಲಿ ಹೆಸರು ಬರೆಸಿದರು. ಸರದಿ ಬಂದದ್ದು 1988ರಲ್ಲಿ. ನಾನು ಆಗ ಬಿ.ಎ. ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದೆ. ಪತ್ರ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ಎರಡು ವಾರದ ನಂತರ ಅಪ್ಪ ಏನೂ ಮಾತಾಡದೆ ಆ ಸರದಿಯನ್ನು ಪೇಟೆಯ ಒಬ್ಬ ವ್ಯಾಪಾರಿಗೆ ಬಿಟ್ಟುಕೊಟ್ಟರು. ಕಾಯದೆ ಗಾಡಿ ಬೇಕೆನ್ನುವವರು ಮೇಲೆ ಒಂದಿಷ್ಟು ಹಣ ಕೊಡುತ್ತಿದ್ದ ಕಾಲ ಅದು. ಆ ಹಣ ಮುಂದಿನ ವರ್ಷ ನನ್ನ ಬಿ.ಎಡ್. ಶುಲ್ಕವಾಯಿತು, ಹಾಸ್ಟೆಲ್ಲಿನ ಮುಂಗಡವಾಯಿತು. ಎಂಟು ವರ್ಷ ಕಾದು ಬಂದ ಸ್ಕೂಟರ್ ನಮ್ಮ ಮನೆಯ ಬಾಗಿಲಿಗೆ ಬರಲೇ ಇಲ್ಲ. ಅಪ್ಪ ಕೊನೆಯವರೆಗೂ ಸೈಕಲ್ಲಿನಲ್ಲೇ ಓಡಾಡಿದರು. "ನಿನ್ನನ್ನೇ ಓದಿಸಿದೆನಲ್ಲಮ್ಮ, ಅದೇ ನನ್ನ ಚೇತಕ್" ಎಂದು ಒಂದೇ ಒಂದು ಸಲ, ನನಗೆ ಕೆಲಸದ ಆದೇಶ ಬಂದ ದಿನ ಅಂದಿದ್ದರು.

ಮೊದಲ ಶಾಲೆ ಹತ್ತಿರದಲ್ಲಿತ್ತು. ಒಂದು ಬಸ್ಸು ಸಾಕಾಗುತ್ತಿತ್ತು. 2000ದಲ್ಲಿ ಬೂದಿಕೋಟೆ ಕಡೆಯ ಹಳ್ಳಿಗೆ ವರ್ಗವಾಯಿತು. ಮನೆಯಿಂದ ಬಂಗಾರಪೇಟೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಇಳಿದ ಮೇಲೆ ಎರಡು ಕಿಲೋಮೀಟರ್ ನಡಿಗೆ. ಹೋಗಿ ಬರುವುದು ಸುಮಾರು ಐವತ್ತು ಕಿಲೋಮೀಟರ್. ಎರಡನೆಯ ಬಸ್ಸು ತಪ್ಪಿದರೆ ಪ್ರಾರ್ಥನೆ ತಪ್ಪುತ್ತಿತ್ತು, ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳುತ್ತಿತ್ತು.

ಮರುವರ್ಷ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಇದನ್ನು ಒಂದು ಸಾಲಿನಲ್ಲಿ ಬರೆಯುವುದು ಸುಲಭ. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡದ್ದು, 1962ರಲ್ಲಿ ಕೇಂದ್ರಕ್ಕೆ ಹೋದದ್ದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದದ್ದು, ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿದ್ದು, ಎಲ್ಲವನ್ನೂ ಹಲಗೆಯ ಮೇಲೆ ಇಸವಿ ಸಮೇತ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಬಹುದು. ಆದರೆ ಪಾಳಿಯ ಸೈರನ್ ಕೂಗದ ಮೊದಲ ಬೆಳಿಗ್ಗೆ ನಮ್ಮ ಮನೆಯವರು ಎಂದಿನಂತೆ ಐದಕ್ಕೇ ಎದ್ದು, ಮುಖ ತೊಳೆದು, ಬೂಟು ಹಾಕಿಕೊಂಡು, ಎಲ್ಲಿಗೂ ಹೋಗದೆ ಜಗುಲಿಯ ಮೇಲೆ ಕುಳಿತದ್ದನ್ನು ಹಲಗೆಯ ಮೇಲೆ ಬರೆಯಲಾಗುವುದಿಲ್ಲ. ಅವರು ಗಣಿಯೊಳಗೆ ಫಿಟ್ಟರ್ ಆಗಿದ್ದರು. ಕೈಯಲ್ಲಿ ಕೆಲಸ ಇತ್ತು, ಮಾಡುವ ಜಾಗ ಇರಲಿಲ್ಲ.

ನಾಲ್ಕೈದು ತಿಂಗಳಾದ ಮೇಲೆ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಊರಿನ ಸಾವಿರಾರು ಜನ ಹಿಡಿದ ದಾರಿಯನ್ನೇ ಅವರೂ ಹಿಡಿದರು. ಚಿನ್ನ ಸಾಗಿಸಲು ಹಾಕಿದ ಕವಲು ದಾರಿ ಈಗ ಜನರನ್ನು ಸಾಗಿಸತೊಡಗಿತು. ಬೆಳಿಗ್ಗೆ ಉರಿಗಾಂ ನಿಲ್ದಾಣದಲ್ಲಿ ರೈಲು ಹತ್ತುವುದು ಕಷ್ಟವಿರಲಿಲ್ಲ. ರಾತ್ರಿ ಬರುವುದೇ ಕಷ್ಟ. ಕೆಲಸ ಬಿಡುವ ಹೊತ್ತಿಗೆ ಕೆಜಿಎಫ್ ರೈಲು ಹೋಗಿರುತ್ತಿತ್ತು. ಜೋಲಾರಪೇಟೆ ಕಡೆಯ ಯಾವುದೋ ರೈಲು ಹಿಡಿದು ಬಂಗಾರಪೇಟೆಯಲ್ಲಿ ಇಳಿದರೆ ಊರಿಗೆ ಬಸ್ಸಿರಲಿಲ್ಲ. ಲಾರಿಗೆ ಕೈ ಅಡ್ಡ ಹಿಡಿದು, ಕೆಲವು ಸಲ ನಡೆದೇ ಹನ್ನೊಂದೂವರೆಗೆ ಮನೆ ಸೇರುತ್ತಿದ್ದರು.

ಹೀಗೆ ಒಂದೇ ಮನೆಯಲ್ಲಿ ಇಬ್ಬರಿಗೂ ಗಾಡಿ ಬೇಕಾಯಿತು. ಕೈಯಲ್ಲಿದ್ದುದು ಒಂದು ಗಾಡಿಗೆ ಆಗುವಷ್ಟು ಹಣ. ಅದೂ ಗಣಿಯಿಂದ ಬಂದದ್ದು. ಮಗಳ ಹೆಸರಲ್ಲಿ ಇಡಬೇಕೆಂದುಕೊಂಡದ್ದರಲ್ಲಿ ಒಂದು ಪಾಲು ತೆಗೆದದ್ದು.

ನಮ್ಮ ಮೈದುನ ಮೋಟಾರ್ ಸೈಕಲ್ ಎಂದ. ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. 1985ರಲ್ಲಿ ಹೀರೋ ಹೋಂಡಾದವರು ನೂರು ಸಿಸಿಯ ನಾಲ್ಕು ಸ್ಟ್ರೋಕಿನ ಗಾಡಿ ತಂದ ಮೇಲೆ ಮೋಟಾರ್ ಸೈಕಲ್ಲಿನ ಜಾತಕವೇ ಬದಲಾಗಿತ್ತು. ಎರಡು ಸ್ಟ್ರೋಕಿನ ಎಂಜಿನ್ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಕುಡಿದು ಹೊಗೆ ಉಗುಳುತ್ತದೆ, ಒಂದಿಷ್ಟು ಪೆಟ್ರೋಲ್ ಉರಿಯದೆಯೇ ಹೊರಗೆ ಹೋಗುತ್ತದೆ. ನಾಲ್ಕು ಸ್ಟ್ರೋಕಿನದು ಹಾಗಲ್ಲ. ಅದರ ದೊಡ್ಡ ಚಕ್ರ ಹಳ್ಳ ದಿಣ್ಣೆಯನ್ನು ಲೆಕ್ಕಿಸುವುದಿಲ್ಲ. ಐವತ್ತು ಕಿಲೋಮೀಟರಿಗೆ ಅದಕ್ಕಿಂತ ಮಿತವ್ಯಯದ ಗಾಡಿ ಇರಲಿಲ್ಲ. ಆದರೆ ಪೆಟ್ರೋಲ್ ಟ್ಯಾಂಕನ್ನು ಮಂಡಿಗಳ ನಡುವೆ ಇಟ್ಟ ಗಾಡಿಯನ್ನು ಸೀರೆ ಉಟ್ಟವಳು ಹೇಗೆ ಓಡಿಸಬೇಕು? ಟೀಚರುಗಳು ಸೀರೆ ಉಟ್ಟೇ ಬರಬೇಕೆಂದು ನಮ್ಮ ಕಡೆ ಎಲ್ಲೂ ಬರೆದಿರಲಿಲ್ಲ, ಬೇರೆ ಉಟ್ಟು ಬಂದವರೂ ಇರಲಿಲ್ಲ.

"ಅವಳು ಬಸ್ಸಲ್ಲಿ ಹೋಗಲಿ, ಮೋಟಾರ್ ಸೈಕಲ್ ನಿನಗಿರಲಿ" ಎಂದರು ಅತ್ತೆ. ಅದು ಕ್ರೂರವಾದ ಮಾತಲ್ಲ. ಮಗ ರಾತ್ರಿ ಲಾರಿಯ ಹಿಂದೆ ನೇತಾಡಿಕೊಂಡು ಬರುವುದನ್ನು ನೋಡಲಾರದ ತಾಯಿಯ ಮಾತು. ಆದರೆ ಆ ಹೊತ್ತಿಗೆ ಮನೆಯ ಖಚಿತವಾದ ಸಂಬಳ ನನ್ನದೊಂದೇ. ಹಾಜರಿ ಪುಸ್ತಕದ ಕೆಂಪು ಗೆರೆ ನನ್ನ ಹೆಸರಿನ ಮುಂದೆ ಬೀಳುತ್ತಿತ್ತು. ಇದನ್ನು ಅವರ ಮುಂದೆ ಹೇಗೆ ಆಡಲಿ? ಕೆಲಸ ಕಳೆದುಕೊಂಡ ಗಂಡಸಿನ ಮುಂದೆ ಸಂಬಳದ ಮಾತು ಎತ್ತಬಾರದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ತಿಂಗಳು ನಮ್ಮ ಮನೆಯಲ್ಲಿ ಗಾಡಿಯ ವಿಷಯ ಎತ್ತಿದರೆ ಎಲ್ಲರೂ ತಟ್ಟೆ ನೋಡುತ್ತಿದ್ದರು.

ಕೊನೆಗೆ ಅವರೇ ಒಂದು ಭಾನುವಾರ ಕಾಗದ ತೆಗೆದು ಗೆರೆ ಎಳೆದರು. ಫಿಟ್ಟರ್ ಅಲ್ಲವೇ, ಅಳತೆ ಇಲ್ಲದೆ ಯಾವುದನ್ನೂ ಒಪ್ಪುವವರಲ್ಲ. "ಇಬ್ಬರೂ ಓಡಿಸೋ ಹಾಗಿರಬೇಕು. ನೀನು ಬೆಳಿಗ್ಗೆ ಶಾಲೆಗೆ ತಗೊಂಡು ಹೋಗು. ಸಂಜೆ ಬಂಗಾರಪೇಟೆ ಸ್ಟೇಷನ್ನಿನ ಸ್ಟ್ಯಾಂಡಲ್ಲಿ ಬಿಟ್ಟು ಬಸ್ ಹತ್ತು. ಸಂಜೆ ಬಸ್ಸು ಬೇಕಾದಷ್ಟಿವೆ. ರಾತ್ರಿ ನಾನು ಇಳಿದು ತಗೊಂಡು ಬರ್ತೀನಿ" ಎಂದರು. ಒಂದು ಗಾಡಿ, ಎರಡು ಬೀಗದ ಕೈ. ಅಷ್ಟು ದಿನ ಕಟ್ಟಿಕೊಂಡಿದ್ದ ಗಂಟು ಅಷ್ಟರಲ್ಲಿ ಬಿಚ್ಚಿಹೋಯಿತು.

ಆಮೇಲೆ ಉಳಿದದ್ದು ಆಯ್ಕೆ. ನಮ್ಮ ಪಟ್ಟಿಯಲ್ಲಿ ಮೊದಲಿದ್ದುದು ಟಿವಿಎಸ್. 1980ರಲ್ಲಿ ಹೊಸೂರಿನಲ್ಲಿ ಟಿವಿಎಸ್ 50 ಬಂದಾಗ ಇಬ್ಬರು ಕೂರಬಹುದಾದ ಮೊಪೆಡ್ ಎಂದು ಹೆಸರಾಗಿತ್ತು. ಅದಕ್ಕೂ ಮೊದಲು 1972ರಿಂದ ಪುಣೆಯ ಲೂನಾ ಇತ್ತು. ಹಾಲಿನವರು, ಸೊಪ್ಪಿನವರು, ಪೋಸ್ಟಿನವರು, ನಮ್ಮ ಇಲಾಖೆಯ ಮೇಷ್ಟರುಗಳು, ಎಲ್ಲರನ್ನೂ ಹೊತ್ತ ಗಾಡಿಗಳು. ಹಗುರ, ಗೇರಿಲ್ಲ, ಚಕ್ರ ದೊಡ್ಡದು, ಯಾವ ಹಳ್ಳಿಯಲ್ಲಿ ಕೆಟ್ಟರೂ ರಿಪೇರಿಯವರು ಇರುತ್ತಾರೆ. ಆದರೆ ದಿನಕ್ಕೆ ಐವತ್ತು ಕಿಲೋಮೀಟರ್ ಓಡಿಸಿದರೆ ಎಂಜಿನ್ ಕಾಯುತ್ತದೆ, ರಾತ್ರಿ ಅದರ ದೀಪ ಸಣ್ಣ ಹಣತೆಯಂತೆ. ಲಾರಿಗಳ ನಡುವೆ ಆ ವೇಗ ಸಾಲದು. ಬಜಾಜ್ ಎಂ80 ಗಟ್ಟಿ, ಆದರೆ ಗೇರು ನನ್ನ ಕೈಗೆ ಬಿಗಿ. ಹಳೆಯ ಚೇತಕ್ ಒಂದು ಸಿಗುತ್ತಿತ್ತು. ಅದನ್ನು ಕಂಡಾಗ ಅಪ್ಪನ ಪಾಸ್‌ಬುಕ್ಕು ನೆನಪಾಗಿ ಮನಸ್ಸು ಆ ಕಡೆ ಎಳೆಯಿತು. ಓರೆ ಮಾಡಿ ಕಿಕ್ ಹೊಡೆದು ನೋಡಿದೆ. ಏಳನೆಯ ಕಿಕ್ಕಿಗೆ ನನಗೆ ಉಸಿರು ಬಂತು, ಗಾಡಿಗೆ ಬರಲಿಲ್ಲ. ಟಿವಿಎಸ್ ಸ್ಕೂಟಿ ಹಗುರ, ಗುಂಡಿ ಒತ್ತಿದರೆ ಸಾಕು. ಆದರೆ ಇವರ ಎತ್ತರಕ್ಕೆ ಮಂಡಿ ಹ್ಯಾಂಡಲ್ಲಿಗೆ ತಾಗುತ್ತಿತ್ತು.

ಅದೇ 2001ರಲ್ಲಿ ಹೋಂಡಾದವರ ಆಕ್ಟಿವಾ ಬಂದಿತ್ತು. ಗೇರಿಲ್ಲದ ಸ್ಕೂಟರನ್ನು ಎಂಬತ್ತರ ದಶಕದಲ್ಲೇ ಕೈನೆಟಿಕ್ ಹೋಂಡಾ ತೋರಿಸಿಕೊಟ್ಟಿತ್ತು. ಆದರೆ ಅದು ಎರಡು ಸ್ಟ್ರೋಕಿನದು. ಇದು ನಾಲ್ಕು ಸ್ಟ್ರೋಕಿನ ನೂರೆರಡು ಸಿಸಿ. ಎಣ್ಣೆ ಬೆರೆಸುವ ತಾಪತ್ರಯವಿಲ್ಲ, ಮೈ ತಗಡಿನದು, ಸೀಟಿನ ಕೆಳಗೆ ಉತ್ತರಪತ್ರಿಕೆಯ ಕಟ್ಟು ಹಿಡಿಸುವಷ್ಟು ಜಾಗ, ಕಾಲಿಡಲು ಚಪ್ಪಟೆ ನೆಲ. ತೂಕ ಮಾತ್ರ ನನಗೆ ಜಾಸ್ತಿ, ಚಕ್ರ ಚಿಕ್ಕದು. ಇವರು ಅದರ ಸುತ್ತ ಎರಡು ಸುತ್ತು ಬಂದು, ಕೂತು ನೋಡಿ, "ಲೇಡೀಸ್ ಗಾಡಿ ಅಂತಾರಲ್ಲ ಇದನ್ನ" ಎಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ, "ರಾತ್ರಿ ಹತ್ತು ಗಂಟೆಗೆ ಯಾರು ನೋಡ್ತಾರೆ ಬಿಡು" ಎಂದು ಮುಂಗಡ ಕೊಟ್ಟರು.

ನಾನು ಓಡಿಸಲು ಕಲಿತದ್ದು ಗಣಿಯ ರಸ್ತೆಯಲ್ಲಿ. ಸಂಜೆ ಐದೂವರೆಗೆ ಸೈಕಲ್ಲುಗಳಿಂದ ತುಂಬಿರುತ್ತಿದ್ದ ರಸ್ತೆ ಆಗ ಪೂರ್ತಿ ಖಾಲಿ. ಒಂದು ಕಡೆ ನಿಂತುಹೋದ ಶಾಫ್ಟಿನ ಗೋಪುರ, ಇನ್ನೊಂದು ಕಡೆ ಸೈನೈಡ್ ದಿಬ್ಬ. ಆ ದಿಬ್ಬದ ಮಣ್ಣು ಹಿಟ್ಟಿನಂತೆ ನುಣುಪು. ಗಾಳಿಗೆ ಎದ್ದು ರಸ್ತೆಯ ಮೇಲೆ ಹಾಸಿರುತ್ತದೆ. ಮೂರನೆಯ ದಿನ ಅದರ ಮೇಲೆ ಮುಂದಿನ ಬ್ರೇಕ್ ಒಂದನ್ನೇ ಹಿಡಿದು ಬಿದ್ದೆ. ಮೊಣಕೈ ಕೆತ್ತಿಹೋಯಿತು. ಇವರು ಎತ್ತಿ ನಿಲ್ಲಿಸಿ ಮೊದಲು ಮಾಡಿದ ಕೆಲಸ ಹೆಲ್ಮೆಟ್ ತಂದದ್ದು. ಜಡೆ ಕೆಡುತ್ತದೆ, ಹೂ ಬಾಡುತ್ತದೆ ಎಂದೆ. "ಟೋಪಿ ಇಲ್ಲದೆ ಗಣಿಯೊಳಗೆ ಒಬ್ಬನನ್ನೂ ಬಿಡ್ತಿರಲಿಲ್ಲ. ಅಲ್ಲಿ ಕಲ್ಲು ಮೇಲಿಂದ ಬೀಳುತ್ತೆ, ಇಲ್ಲಿ ನೀನೇ ಕಲ್ಲಿನ ಮೇಲೆ ಬೀಳ್ತೀಯ, ಅಷ್ಟೇ" ಎಂದರು. ಅದಕ್ಕೆ ಉತ್ತರ ಇರಲಿಲ್ಲ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವೆಂದು ರಾಜ್ಯದಲ್ಲಿ 2016ರಲ್ಲಿ ಆದೇಶ ಬಂದಾಗ ನಮ್ಮ ಮನೆಯಲ್ಲಿ ಎರಡೂ ಹಳೆಯದಾಗಿದ್ದವು.

ಮುಂದಿನ ಹನ್ನೊಂದು ವರ್ಷ ಆ ಗಾಡಿ ಬೆಳಿಗ್ಗೆ ನನ್ನದು, ರಾತ್ರಿ ಅವರದು. ನಾನು ಹೊರಡುವ ಹೊತ್ತಿಗೆ ಅವರು ರೈಲಿನಲ್ಲಿ. ಅವರು ಬರುವ ಹೊತ್ತಿಗೆ ನನಗೆ ಅರ್ಧ ನಿದ್ದೆ. ಗಂಡ ಹೆಂಡತಿ ಮುಖ ನೋಡಿ ಮಾತಾಡುತ್ತಿದ್ದುದು ಭಾನುವಾರ ಮಾತ್ರ. ಉಳಿದ ದಿನ ನಮ್ಮ ಮಾತುಕತೆ ಸೀಟಿನ ಕೆಳಗಿನ ಡಬ್ಬದಲ್ಲಿ. ಸ್ಟ್ಯಾಂಡಿನ ಟೋಕನ್ನನ್ನು ಇಬ್ಬರಿಗೂ ಗುರುತಿನ ಆ ಹುಡುಗನ ಹತ್ತಿರವೇ ಬಿಟ್ಟು, ಡಬ್ಬದೊಳಗೆ ಚೀಟಿ ಇಡುತ್ತಿದ್ದೆ. "ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದೆ." "ಪೆಟ್ರೋಲ್ ನಾಳೆವರೆಗೆ ಬರುತ್ತೆ." "ಮಗಳಿಗೆ ಜ್ವರ, ಬೇಗ ಬನ್ನಿ." ಬೆಳಿಗ್ಗೆ ಅವರ ಚೀಟಿ ಇರುತ್ತಿತ್ತು. "ಬ್ರೇಕ್ ಬಿಗಿ ಮಾಡಿದ್ದೇನೆ, ಮೊದಲು ಮೆಲ್ಲಗೆ ಹಿಡಿ." ಒಂದು ಸಲ ಚೀಟಿಯಿಲ್ಲದೆ ಒಂದು ಪೊಟ್ಟಣ ಮಲ್ಲಿಗೆ ಹೂ ಇತ್ತು. ರಾತ್ರಿಯೆಲ್ಲ ಡಬ್ಬದಲ್ಲಿದ್ದು ಪೆಟ್ರೋಲ್ ವಾಸನೆ ಹಿಡಿದಿತ್ತು. ಮುಡಿದುಕೊಂಡೇ ಹೋದೆ.

ಗಾಡಿ ತೊಂದರೆ ಕೊಡಲಿಲ್ಲವೆಂದಲ್ಲ. ಗೇರಿಲ್ಲದ ಸ್ಕೂಟರಿನ ಒಳಗೆ ಚೈನಿಲ್ಲ, ರಬ್ಬರ್ ಬೆಲ್ಟ್ ಇರುತ್ತದೆ. ಅದಕ್ಕೂ ಒಂದು ಆಯುಸ್ಸಿದೆ ಎಂದು ನನಗೆ ತಿಳಿದದ್ದು ಬೂದಿಕೋಟೆ ರಸ್ತೆಯಲ್ಲಿ ಅದು ಕಿತ್ತುಹೋದ ದಿನ. ಎಂಜಿನ್ ಓಡುತ್ತದೆ, ಗಾಡಿ ಓಡುವುದಿಲ್ಲ. ಹಳೆಯ ಸ್ಕೂಟರಿನಲ್ಲಿ ವೈರ್ ಕಿತ್ತರೆ ದಾರದಲ್ಲಿ ಕಟ್ಟಿಕೊಂಡಾದರೂ ಮನೆ ಸೇರಬಹುದಿತ್ತು. ಬೆಲ್ಟ್ ಹೋದರೆ ತಳ್ಳುವುದೊಂದೇ ದಾರಿ. ನಮ್ಮ ಏಳನೇ ತರಗತಿಯ ಮೂವರು ಹುಡುಗರು ನಾಲ್ಕು ಕಿಲೋಮೀಟರ್ ತಳ್ಳಿಕೊಂಡು ಬಂದರು. ಮರುದಿನ ಆ ಮೂವರಿಗೆ ಮಗ್ಗಿ ಕೇಳುವ ಧೈರ್ಯ ನನಗಿರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ ಹುಡುಗ, ಅವನ ತಂದೆಯೂ ಗಣಿಯಲ್ಲಿದ್ದವರು, ಗಾಡಿ ಬಿಚ್ಚಿ ನೋಡಿ, "ಟೀಚರಮ್ಮ, ಇದನ್ನ ಕಿತ್ತ ಮೇಲೆ ಬದಲಾಯಿಸೋದಲ್ಲ, ಕಿಲೋಮೀಟರ್ ಲೆಕ್ಕ ಇಟ್ಟು ಮುಂಚೇನೇ ಬದಲಾಯಿಸಬೇಕು" ಎಂದ. ಅಂದಿನಿಂದ ಬೆಲ್ಟು, ಎಂಜಿನ್ ಆಯಿಲ್ಲು, ಬ್ರೇಕ್ ಶೂ ಮೂರಕ್ಕೂ ನನ್ನ ಪಾಠ ಯೋಜನೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಕೋಷ್ಟಕ ಹಾಕಿದೆ. ದೂರದ ಓಡಾಟದವರಿಗೆ ತಿಂಗಳ ಲೆಕ್ಕ ಸಾಲದು. ಊರೊಳಗೆ ಓಡಿಸುವವರು ಒಂದು ವರ್ಷದಲ್ಲಿ ತುಳಿಯುವ ದಾರಿಯನ್ನು ನಾವು ಕೆಲವೇ ತಿಂಗಳಲ್ಲಿ ತುಳಿದಿರುತ್ತೇವೆ.

2013ರಲ್ಲಿ ಕೋಲಾರದ ಹತ್ತಿರ ನರಸಾಪುರದಲ್ಲಿ ಹೋಂಡಾದವರ ಕಾರ್ಖಾನೆ ಶುರುವಾಯಿತು. ಗಾಡಿ ತಳ್ಳಿದ ಆ ಮೂವರಲ್ಲಿ ಒಬ್ಬ ಅಲ್ಲಿಗೆ ಕೆಲಸಕ್ಕೆ ಸೇರಿದ. ನಮ್ಮ ಹಳೆಯ ಗಾಡಿ ಮಾರಿ ಹೊಸದು ತಂದಾಗ ಎದುರಾಗಿ, "ಇದು ನಮ್ಮಲ್ಲೇ ಮಾಡಿದ್ದು ಟೀಚರ್" ಎಂದು ಗಾಡಿಯ ಬೆನ್ನು ತಟ್ಟಿದ. ಎತ್ತು ತಟ್ಟುವ ಹಾಗೆ. ನೂರು ವರ್ಷ ಚಿನ್ನ ಕೊಟ್ಟ ಜಿಲ್ಲೆ ಈಗ ಸ್ಕೂಟರ್ ಕೊಡುತ್ತಿದೆ. ಯಾವುದು ಹೆಚ್ಚು ಎಂದು ನಾನು ತೀರ್ಮಾನ ಹೇಳಲಾರೆ. ಆದರೆ ಚಿನ್ನವನ್ನು ತೆಗೆದವನು ಅದನ್ನು ತನ್ನದೆಂದು ತಟ್ಟಿ ತೋರಿಸಿದ್ದನ್ನು ನಾನು ನೋಡಿರಲಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಕಾಲ ಬದಲಾಗಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಬಸ್ಸು ನಿನ್ನ ಹೊತ್ತಿಗೆ ಸರಿಯಾಗಿ ಬರುವುದಾದರೆ, ಬಂಗಾರಪೇಟೆವರೆಗೆ ಅದರಲ್ಲೇ ಬಂದು ಅಲ್ಲಿಂದಾಚೆಗೆ ಮಾತ್ರ ಗಾಡಿ ಇಟ್ಟುಕೊಳ್ಳಬಹುದು. ಅರ್ಧ ದಾರಿಯ ದುಡ್ಡೂ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ. ಪೂರ್ತಿ ದಾರಿಗೆ ಗಾಡಿಯೇ ಬೇಕೆಂದರೆ ಮೊದಲು ದಾರಿ ನೋಡು. ಹಳ್ಳ ಹೆಚ್ಚಿದ್ದರೆ ದೊಡ್ಡ ಚಕ್ರದ್ದು, ಕನಿಷ್ಠ ಮುಂದಿನದಾದರೂ ದೊಡ್ಡದಿರುವ ಸ್ಕೂಟರ್ ನೋಡು. ನಿಮ್ಮ ಕಾಲದಲ್ಲಿ ಚೂಡಿದಾರ್ ಹಾಕಿ ಬಂದರೆ ಯಾರೂ ತಿರುಗಿ ನೋಡುವುದಿಲ್ಲವಾದ್ದರಿಂದ ಸಣ್ಣ ಮೋಟಾರ್ ಸೈಕಲ್ಲನ್ನೂ ಪಟ್ಟಿಯಿಂದ ತೆಗೆಯಬೇಡ. ಆಮೇಲೆ ನಿನ್ನ ಮೈ ನೋಡು. ಎರಡೂ ಕಾಲು ನೆಲಕ್ಕೆ ಊರಬೇಕು, ಬಿದ್ದ ಗಾಡಿಯನ್ನು ಒಬ್ಬಳೇ ಎತ್ತಲಾಗಬೇಕು. ಅಂಗಡಿಯಲ್ಲೇ ಸ್ಟ್ಯಾಂಡಿಗೆ ಎಳೆದು ನೋಡು, ನಾಚಿಕೆ ಬೇಡ. ಬ್ರೇಕ್ ವಿಷಯದಲ್ಲಿ ನೀವು ನಮಗಿಂತ ಪುಣ್ಯವಂತರು. 2019ರಿಂದ ಸಣ್ಣ ಗಾಡಿಗಳಲ್ಲೂ ಒಂದು ಬ್ರೇಕ್ ಹಿಡಿದರೆ ಎರಡು ಚಕ್ರಕ್ಕೂ ತಾಗುವ ವ್ಯವಸ್ಥೆ ಕಡ್ಡಾಯವಾಗಿದೆ. ಅದಿದ್ದಿದ್ದರೆ ನನ್ನ ಮೊಣಕೈಯ ಕಲೆ ಇರುತ್ತಿರಲಿಲ್ಲವೋ ಏನೋ. ರಾತ್ರಿ ಬರುವುದಿದ್ದರೆ ದೀಪ ಹಾಕಿ ನೋಡು. ದಾರಿಯಲ್ಲಿ ಯಾವ ಗಾಡಿಯ ರಿಪೇರಿ ಮಾಡುವವರಿದ್ದಾರೆ ವಿಚಾರಿಸು. ಕೊನೆಗೆ ಬಣ್ಣ ನೋಡು.

ಕರೆಂಟಿನ ಸ್ಕೂಟರ್ ಹೇಗೆ ಎಂದೂ ನೀನು ಕೇಳುವೆ. ಚೇತಕ್ ಹೆಸರೇ 2020ರಲ್ಲಿ ಕರೆಂಟಿನ ಗಾಡಿಯಾಗಿ ಮರಳಿ ಬಂದಿದೆ. ಐವತ್ತು ಕಿಲೋಮೀಟರ್ ಅದಕ್ಕೆ ದೊಡ್ಡದಲ್ಲ. ಆದರೆ ಅಂಗಡಿಯವರು ಹೇಳುವ ದೂರವನ್ನು ನಂಬದೆ, ಇಬ್ಬರು ಕೂತು, ದಿಣ್ಣೆ ಹತ್ತಿ, ಬ್ಯಾಟರಿ ಐದು ವರ್ಷ ಹಳೆಯದಾದ ಮೇಲೂ ನಿನ್ನ ದಾರಿ ಮುಗಿಯುತ್ತದೆಯೇ ಎಂದು ಲೆಕ್ಕ ಹಾಕು. ರಾತ್ರಿ ಮನೆಯಲ್ಲಿ ತುಂಬಿಸಲು ಜಾಗವಿದೆಯೇ ನೋಡು. ಶಿವನಸಮುದ್ರದ ಕರೆಂಟನ್ನು ಎಲ್ಲರಿಗಿಂತ ಮೊದಲು ಕಂಡ ಊರಿನವಳು ನೀನು, ಹೆದರಬೇಕಾಗಿಲ್ಲ. ನಾನು ಮಾತ್ರ ನಿವೃತ್ತಿಗೆ ಉಳಿದಿರುವ ಕೆಲವು ವರ್ಷಕ್ಕೆ ಇದ್ದ ಗಾಡಿಯನ್ನೇ ಓಡಿಸುತ್ತೇನೆ.

ನಮ್ಮವರು ಬೆಂಗಳೂರಿನ ಕೆಲಸ ಬಿಟ್ಟು ಈಗ ಮನೆಯಲ್ಲಿದ್ದಾರೆ. ಭಾನುವಾರ ಬಂಗಾರಪೇಟೆ ಸಂತೆಗೆ ಹೋಗುವಾಗ ನಾನು ಓಡಿಸುತ್ತೇನೆ, ಅವರು ಹಿಂದೆ ಕೂರುತ್ತಾರೆ. ಹಳೆಯ ಗಾಡಿ ಮಾರುವಾಗ ಒಂದೇ ಬೀಗದ ಕೈ ಕೊಟ್ಟೆವು. ಇನ್ನೊಂದು ಎಲ್ಲಿ ಎಂದು ಕೊಂಡವನು ಕೇಳಿದಾಗ ಇವರು ಕಳೆದುಹೋಗಿದೆ ಎಂದರು. ಅದು ದೇವರ ಪಟದ ಹಿಂದೆ, ಅಪ್ಪನ ಅಂಚೆ ಪಾಸ್‌ಬುಕ್ಕಿನ ಪಕ್ಕದಲ್ಲಿರುವುದು ನನಗೆ ಗೊತ್ತಿತ್ತು. ನಾನೂ ಹೇಳಲಿಲ್ಲ.